ಹದಿನೆಂಟು ರೂಪಾಯಿಯ ಐಸಿ, ನಿಂತುಹೋದ ಪಂಪು: ದಾವಣಗೆರೆಯ ಸಣ್ಣ ಘಟಕವೊಂದರ ಪ್ರಕರಣ ಅಧ್ಯಯನ

ಗುರುತು ಸಿಗಬಾರದೆಂದು ಘಟಕದ ಹೆಸರು, ಮಾಲೀಕರ ವಿವರ, ಐಸಿ (ಚಿಪ್) ಕೊಟ್ಟ ವ್ಯಾಪಾರಿಯ ವಿವರ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಖರೀದಿ, ಉತ್ಪಾದನೆಯ ಅಂಕಿಗಳನ್ನು ದುಂಡಾಗಿಸಿದೆ. ಸರ್ಕ್ಯೂಟಿನ ಓಮ್, ವೋಲ್ಟ್, ಆಂಪಿಯರ್ ಮಾತ್ರ ಇದ್ದ ಹಾಗೇ ಇವೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ.

ಹಿನ್ನೆಲೆ

ದಾವಣಗೆರೆಯ ಒಂದು ಶೆಡ್ಡಿನಲ್ಲಿ ನಡೆಯುವ ಈ ಘಟಕ ಸಬ್‌ಮರ್ಸಿಬಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರುವ ರಕ್ಷಣಾ ಕಾರ್ಡ್ ಮಾಡುತ್ತದೆ. ಮೂರು ಫೇಸ್‌ನಲ್ಲಿ ಒಂದು ಹೋದರೆ, ವೋಲ್ಟೇಜ್ ತೀರಾ ಇಳಿದರೆ ಅಥವಾ ಏರಿದರೆ, ಮೋಟಾರಿಗೆ ಹೊರೆ ಹೆಚ್ಚಾದರೆ, ಬೋರಿನಲ್ಲಿ ನೀರು ಮುಗಿದು ಪಂಪು ಡ್ರೈ ರನ್ ಆದರೆ ಕಾರ್ಡು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬಿಟ್ಟು ಮೋಟಾರು ನಿಲ್ಲಿಸುತ್ತದೆ. ಡ್ರೈ ರನ್ ಆಗಿ ನಿಂತಿದ್ದರೆ ಅರ್ಧ ಗಂಟೆ ಬಿಟ್ಟು ತಾನೇ ಮತ್ತೆ ಚಾಲೂ ಮಾಡುತ್ತದೆ.

ಗಿರಾಕಿಗಳು ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಅಡಿಕೆ ತೋಟದವರು, ಹಿರಿಯೂರು, ಚಳ್ಳಕೆರೆ ಕಡೆಯ ಬೋರ್‌ವೆಲ್ ರೈತರು. ಘಟಕ ನೇರವಾಗಿ ಮಾರುವುದಿಲ್ಲ. ತಾಲ್ಲೂಕು ಪಟ್ಟಣದ ಪಂಪ್‌ಸೆಟ್ ಅಂಗಡಿ, ಮೋಟಾರು ವೈಂಡಿಂಗ್ ಅಂಗಡಿಗಳ ಮೂಲಕ ಮಾಲು ಹೋಗುತ್ತದೆ. ಜನವರಿಯಿಂದ ಮೇವರೆಗೆ ತಿಂಗಳಿಗೆ ಸುಮಾರು 1,200 ಕಾರ್ಡ್, ಉಳಿದ ಏಳು ತಿಂಗಳು ತಿಂಗಳಿಗೆ 400. ಮಳೆ ಕೈಕೊಟ್ಟ ವರ್ಷ ಬೇಡಿಕೆ ಇನ್ನೂ ಮೇಲೆ.

ಕಾರ್ಡಿನಲ್ಲಿ ಪ್ರೋಗ್ರಾಮ್ ಓಡಿಸುವ ಮೈಕ್ರೊಕಂಟ್ರೋಲರ್ ಇಲ್ಲ, ಪೂರ್ತಿ ಅನಲಾಗ್, ಅಂದರೆ ವೋಲ್ಟೇಜನ್ನು ಅಂಕಿಯಾಗಿಸದೆ ನೇರವಾಗಿಯೇ ಹೋಲಿಸುವಂಥದ್ದು. ಮೋಟಾರಿನ ವೈರು 1,000 ಸುತ್ತಿನ, ಕರೆಂಟ್ ಅಳೆಯುವ ಸಿಟಿ ಕಾಯಿಲ್‌ನೊಳಗೆ ಹಾದುಹೋಗುತ್ತದೆ. 10 ಆಂಪಿಯರ್ ಹರಿದರೆ ಕಾಯಿಲ್‌ನಿಂದ 10 ಮಿಲಿ ಆಂಪಿಯರ್ ಬರುತ್ತದೆ. ಅದು ಕಾಯಿಲ್ಲಿನ ಎರಡು ತುದಿಗಳ ನಡುವೆ ಕೂರುವ ಬರ್ಡನ್ ರೆಸಿಸ್ಟರ್ ಮೇಲೆ ವೋಲ್ಟೇಜ್ ಆಗುತ್ತದೆ, ಆ ವೋಲ್ಟೇಜನ್ನು ಎಲ್‌ಎಂ324 ಆಪ್-ಆಂಪ್ ಹಿಗ್ಗಿಸುತ್ತದೆ, ಪ್ರಿಸೆಟ್ ಎಂಬ ತಿರುಗಿಸುವ ಗುಂಡಿಯಲ್ಲಿ ಇಟ್ಟ ಮಟ್ಟದ ಜೊತೆ ಹೋಲಿಸಿ ರಿಲೇ ಬಿಡುತ್ತದೆ. ಒಂದು ಕಾರ್ಡಿಗೆ ಎರಡು ಎಲ್‌ಎಂ324 ಬೇಕು. ಇವಕ್ಕೆಲ್ಲ 12 ವೋಲ್ಟ್ ಕೊಡುವುದು ಫೇಸ್‌ನಿಂದ ಫೇಸ್‌ಗೆ ನೇರವಾಗಿ ಕೂರುವ ಸಣ್ಣ ಸ್ವಿಚಿಂಗ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಅದರ ಜೀವಾಳ 1,050 ವೋಲ್ಟ್ ತಡೆಯುವ ಒಂದು ಸ್ವಿಚರ್ ಐಸಿ.

ಹೊಲದಲ್ಲಿ ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್ ಎಂಬುದು ಪುಸ್ತಕದ ಮಾತು. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ದೂರವಿದ್ದು ಎಲ್ಲರೂ ಒಟ್ಟಿಗೆ ಮೋಟಾರು ಹಾಕಿದಾಗ 280ಕ್ಕೆ ಇಳಿಯುತ್ತದೆ, ನಡುರಾತ್ರಿ ಹೊರೆ ಇಲ್ಲದಾಗ 480 ಮುಟ್ಟುತ್ತದೆ. 480 ವೋಲ್ಟ್ ಎಸಿಯನ್ನು ರೆಕ್ಟಿಫೈ ಮಾಡಿದರೆ 679 ವೋಲ್ಟ್ ಡಿಸಿ. ಅದರ ಮೇಲೆ ಎಸ್‌ಎಂಪಿಎಸ್ಸಿನೊಳಗಿನ ಟ್ರಾನ್ಸ್‌ಫಾರ್ಮರ್ ತಿರುಗಿ ತೋರಿಸುವ ನೂರಿಪ್ಪತ್ತು ವೋಲ್ಟ್, ಸ್ವಿಚ್ ಬಿಡುವಾಗ ಏಳುವ ಲೀಕೇಜ್ ಸ್ಪೈಕ್ ಮತ್ತಷ್ಟು. ಟಿವಿ, ಮೊಬೈಲ್ ಚಾರ್ಜರಿಗೆ ಸಾಕಾಗುವ 700 ವೋಲ್ಟ್ ಐಸಿ ಇಲ್ಲಿ ಮೊದಲ ರಾತ್ರಿಯೇ ಸಿಡಿಯುತ್ತದೆ.

ಈ ಎರಡು ಐಸಿಗಳು ಒಂದೇ ಕಾರ್ಡಿನ ಮೇಲೆ ಕೂತಿದ್ದರೂ ಬೇರೆ ಬೇರೆ ಮಾರುಕಟ್ಟೆಗೆ ಸೇರಿದವು. ಎಲ್‌ಎಂ324 ಎಪ್ಪತ್ತರ ದಶಕದ ವಿನ್ಯಾಸ. ಅದನ್ನು ಮೊದಲು ತಂದ ನ್ಯಾಷನಲ್ ಸೆಮಿಕಂಡಕ್ಟರನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2011ರಲ್ಲಿ ಕೊಂಡುಕೊಂಡಿತು. ಇವತ್ತು ಅದೇ ಐಸಿಯನ್ನು, ಅದೇ ಕಾಲುಗಳ ಜೋಡಣೆಯಲ್ಲಿ, ಅಮೆರಿಕ, ಯುರೋಪು, ತೈವಾನ್, ಚೀನಾದ ಅನೇಕ ಕಂಪನಿಗಳು ಮಾಡುತ್ತವೆ. 1,050 ವೋಲ್ಟ್ ಸ್ವಿಚರ್ ಹಾಗಲ್ಲ. ಆ ಕಾಲು, ಆ ಗುಣ ಇರುವುದನ್ನು ಒಬ್ಬರೇ ಮಾಡುತ್ತಾರೆ. ಅವರ ಹತ್ತಿರ ಇಲ್ಲ ಎಂದರೆ ಎಲ್ಲೂ ಇಲ್ಲ. 2021ರವರೆಗೆ ಘಟಕದ ಖರೀದಿ ಪುಸ್ತಕದಲ್ಲಿ ಎರಡೂ ಒಂದೇ ಕಾಲಂನಲ್ಲಿ ‘ಐಸಿ’ ಎಂದಷ್ಟೇ ಇದ್ದವು.

2021ರ ಅಭಾವ ಎಲ್ಲಿಂದ ಬಂತು

ಕೋವಿಡ್ ಮೊದಲ ಅಲೆಯಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್ ರದ್ದು ಮಾಡಿದವು, 2020ರ ಕೊನೆಗೆ ಎಲ್ಲರೂ ಒಟ್ಟಿಗೆ ವಾಪಸು ಬಂದರು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಹಿಮಗಾಳಿಗೆ ಆಸ್ಟಿನ್ನಿನ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ವರ್ಷದ ನಡುವೆ ಮಲೇಷ್ಯಾದ ಲಾಕ್‌ಡೌನ್‌ನಿಂದ ಚಿಪ್ಪಿಗೆ ಕವಚ, ಕಾಲು ಹಾಕುವ ಪ್ಯಾಕೇಜಿಂಗ್ ಕೆಲಸ ಹಿಂದೆ ಬಿತ್ತು.

ಇವು ಎಲ್ಲ ಚಿಪ್‌ಗೂ ತಟ್ಟಿದ ಪೆಟ್ಟು. ಅನಲಾಗ್‌ಗೆ ಇನ್ನೊಂದು ತೊಡಕಿತ್ತು. ಮೊಬೈಲ್ ಪ್ರೊಸೆಸರಿನ ಹಾಗೆ ಅನಲಾಗ್ ಐಸಿ ಸಣ್ಣದಾಗುತ್ತಾ ಹೋದರೆ ಲಾಭವಿಲ್ಲ. ವೋಲ್ಟೇಜ್ ತಡೆಯಲು, ಕರೆಂಟ್ ಹೊರಲು ಅದಕ್ಕೆ ಜಾಗ ಬೇಕು. ಹಾಗಾಗಿ ಅದರ ಬಹುಪಾಲು ಹಳೆಯ 200 ಮಿಲಿಮೀಟರ್ ವೇಫರ್ (ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆ) ಲೈನುಗಳಲ್ಲೇ ತಯಾರಾಗುತ್ತದೆ. ಆ ಲೈನುಗಳ ಯಂತ್ರಗಳನ್ನು ಹೊಸದಾಗಿ ಮಾಡುವವರು ಕಡಿಮೆ, ಐದು ರೂಪಾಯಿ ಐಸಿಗಾಗಿ ಹೊಸ ಲೈನು ಹಾಕುವವರು ಇನ್ನೂ ಕಡಿಮೆ. ಬೇಡಿಕೆ ಏರಿದಾಗ ಉತ್ಪಾದನೆ ಏರಲು ವರ್ಷಗಳು ಬೇಕು. ಇದ್ದಷ್ಟರಲ್ಲಿ ಕಾರ್ಖಾನೆಯವರು ಮೊದಲು ಕೊಡುವುದು ಲಕ್ಷಗಟ್ಟಲೆ ಕೊಳ್ಳುವವರಿಗೆ. ವರ್ಷಕ್ಕೆ ಏಳು ರೀಲು ಆಪ್-ಆಂಪ್ ಕೊಳ್ಳುವ ದಾವಣಗೆರೆಯ ಘಟಕ ಆ ಸಾಲಿನ ತುದಿಯಲ್ಲಿ ನಿಂತಿತ್ತು.

ಜೂನ್ 2021ರ ನಿರ್ಧಾರ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಪೇಟೆ ಎಸ್‌.ಪಿ. ರೋಡಿನಿಂದ ಮಾಲು ತರಿಸುವ ರೂಢಿ ಘಟಕದ್ದು. ಜೂನ್‌ನಲ್ಲಿ ಖಾಯಂ ಅಂಗಡಿಯವರು ಎರಡೂ ಐಸಿಗೆ ಕೈ ಎತ್ತಿದರು. ಅಧಿಕೃತ ವಿತರಕರು ಸ್ವಿಚರಿಗೆ 52 ವಾರ ಎಂದರು. ಸೀಸನ್ ಜನವರಿಗೆ ಶುರು, ಕಾರ್ಡಿನ ಜೋಡಣೆ ಪೀಣ್ಯದಲ್ಲಿ ಜಾಬ್‌ವರ್ಕಿಗೆ ಹೋಗಿ ಬರಬೇಕು. ಲೆಕ್ಕ ಹಾಕಿದರೆ ನವೆಂಬರಿಗೆ ಐಸಿ ಕೈಯಲ್ಲಿರಬೇಕಿತ್ತು. ಡೀಲರುಗಳಿಂದ ಮುಂಗಡ ಆಗಲೇ ಬಂದಿತ್ತು.

ಆಗ ಒಬ್ಬ ಮಧ್ಯವರ್ತಿ ಎರಡನ್ನೂ ಕೊಡುತ್ತೇನೆ ಎಂದು ಬಂದರು. ಐದು ರೂಪಾಯಿ ಆಸುಪಾಸಿನ ಎಲ್‌ಎಂ324ಗೆ 18 ರೂಪಾಯಿ, ಕನಿಷ್ಠ ನಾಲ್ಕು ರೀಲು, ಅಂದರೆ 10,000. ಸುಮಾರು 45 ರೂಪಾಯಿಯ ಸ್ವಿಚರಿಗೆ 310 ರೂಪಾಯಿ, 2,000 ಸಂಖ್ಯೆ. ಹಣ ಪೂರ್ತಿ ಮುಂಗಡ. ಖರೀದಿ ನೋಡಿಕೊಳ್ಳುವವರು ಒಂದು ಆಕ್ಷೇಪ ಎತ್ತಿದರು. ಬಿಲ್ಲಿನಲ್ಲಿ ತಯಾರಕರ ಹೆಸರಿಲ್ಲ, ಲಾಟ್ ನಂಬರಿಲ್ಲ, ಬರೀ ‘ಐಸಿ’ ಎಂದಿದೆ, ನಾಳೆ ತಕರಾರಾದರೆ ವಾಪಸು ಕೊಡಲು ಆಧಾರವಿಲ್ಲ ಎಂದು. ಮಾಲೀಕರು ಅದನ್ನು ಸ್ವಿಚರಿನ ಮಟ್ಟಿಗೆ ಒಪ್ಪಿದರು. 310 ರೂಪಾಯಿಯ ಮಾಲಾದ್ದರಿಂದ ಮೊದಲು 20 ತರಿಸಿ, ಕಾರ್ಡಿಗೆ ಹಾಕಿ, 480 ವೋಲ್ಟಿನಲ್ಲಿ ಎರಡು ದಿನ ಓಡಿಸಿ ನೋಡಿದ ಮೇಲೆಯೇ ಉಳಿದದ್ದಕ್ಕೆ ಹಣ ಕಟ್ಟಿದರು. 18 ರೂಪಾಯಿಯ ಎಲ್‌ಎಂ324ಗೆ ಆ ಪರೀಕ್ಷೆ ಯಾರೂ ಕೇಳಲಿಲ್ಲ. ಸಾವಿರಾರು ಕಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಐಸಿ ಅದು. ರೀಲು ನೇರವಾಗಿ ಪೀಣ್ಯಕ್ಕೆ ಹೋಯಿತು.

ಮುಂದೆ ಸ್ವಿಚರುಗಳು ಅಪ್ಪಟ ಅಸಲಿ ಎಂದು ಸಾಬೀತಾದವು. ತೊಂದರೆ ಬಂದದ್ದು ಅಗ್ಗದ್ದರಿಂದ. ಅಭಾವದ ಕಾಲದಲ್ಲಿ ಇದು ಅಪರೂಪವೂ ಅಲ್ಲ. ಲಕ್ಷಾಂತರ ಜನಕ್ಕೆ ಬೇಕಾದ, ಯಾರೂ ಅನುಮಾನದಿಂದ ನೋಡದ, ಮೇಲಿನ ಮುದ್ರೆ ಕೆರೆದು ಹೊಸದು ಹಾಕಿದರೆ ಸಾಕು ಮಾರಾಟವಾಗುವ ಐಸಿಗಳ ಮೇಲೆಯೇ ಮೋಸಗಾರರ ಕಣ್ಣು.

ನೀರಿದ್ದರೂ ನೀರಿಲ್ಲ ಎನ್ನುವ ಕಾರ್ಡ್

2022ರ ಜನವರಿ, ಫೆಬ್ರುವರಿಯಲ್ಲಿ ಹೊಸ ರೀಲಿನ ಸುಮಾರು 1,500 ಕಾರ್ಡ್ ಮಾರುಕಟ್ಟೆಗೆ ಹೋದವು. ಮಾರ್ಚ್ ನಡುವೆಗೆ 170 ದೂರು. ಹೊಳಲ್ಕೆರೆ ಕಡೆಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲಿ ಹೇಳಿದ್ದು ಹೀಗೆ: “ಬೋರ್‌ನಾಗೆ ನೀರು ಐತೆ ಸಾರ್, ಕಾರ್ಡು ಇಲ್ಲ ಅಂತೈತೆ. ಮಧ್ಯಾಹ್ನ ಒಂದು ಗಂಟೆಗೆ ಆಫ್ ಆಗುತ್ತೆ. ಸಂಜೆ ಮ್ಯಾಕೆ ಏನೂ ತಕರಾರಿಲ್ಲ.”

ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುತ್ತಾರೆ, ಅದರಲ್ಲಿ ಒಂದು ಸುಳ್ಳು ಟ್ರಿಪ್ಪಿಗೆ ಅರ್ಧ ಗಂಟೆ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಆದರೆ ತೋಟದ ಒಂದು ಭಾಗಕ್ಕೆ ನೀರೇ ಹತ್ತುವುದಿಲ್ಲ. ಬೇಸಿಗೆಯ ಅಡಿಕೆಗೆ ಅದು ಸಣ್ಣ ಮಾತಲ್ಲ.

ಘಟಕದವರು ಮೊದಲು ಮಾಡಿದ್ದು ಎರಡು ತುರ್ತು ಉಪಾಯ. ಮರುಚಾಲೂ ಸಮಯವನ್ನು ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಸಲು ಹೇಳಿದರು. ಅದೂ ಸಾಲದೆ ಡ್ರೈ ರನ್ ಪ್ರಿಸೆಟ್ಟನ್ನು 10ರಿಂದ 8 ಆಂಪಿಯರಿಗೆ ತಿರುಗಿಸಲು ಹೇಳಿದರು. ದೂರು ನಿಂತ ಹಾಗೆ ಕಂಡಿತು. ಮೂರನೆಯ ವಾರ 7.5 ಎಚ್‌ಪಿಯ ಮೋಟಾರೊಂದು ನಿಜವಾಗಿಯೇ ಡ್ರೈ ರನ್ ಆಗಿ ಸುಟ್ಟಿತು. ಆ ಪಂಪು ನೀರಿಲ್ಲದಾಗ ಎಳೆಯುತ್ತಿದ್ದುದು 8.5 ಆಂಪಿಯರ್, 8ಕ್ಕೆ ಇಟ್ಟ ಕಾರ್ಡಿಗೆ ಅದು ನೀರಿದ್ದಂತೆಯೇ ಕಂಡಿತ್ತು. ರೀವೈಂಡಿಂಗ್ ಖರ್ಚಿನ ಜೊತೆಗೆ ಆರು ನೂರು ಅಡಿಯಿಂದ ಪೈಪು ಎತ್ತಿ ಇಳಿಸುವ ಖರ್ಚೂ ರೈತರ ತಲೆಗೆ ಬಂತು. ಘಟಕ ಅದನ್ನು ಕಟ್ಟಿಕೊಟ್ಟಿತು.

ಈ ಪ್ರಕರಣದ ಮೊದಲ ತಿರುವು ಅದೇ ದಿನ. ಮಾಲೀಕರು ಮಾರಾಟ ನಿಲ್ಲಿಸಿದರು. ಸೀಸನ್ನಿನ ನಡುಮಧ್ಯ, ಶೆಡ್ಡಿನಲ್ಲಿ 600 ಕಾರ್ಡ್ ತಯಾರಿದ್ದವು. ರಕ್ಷಣೆಗೆಂದು ಮಾರಿದ ಕಾರ್ಡನ್ನು ದೂರು ತಪ್ಪಿಸಲು ಕುರುಡು ಮಾಡುವುದು ಅದನ್ನು ಮಾರದೇ ಇರುವುದಕ್ಕಿಂತ ಕೆಟ್ಟದ್ದು. ಆ ನಿರ್ಧಾರ ಮೂರು ವಾರ ಮೊದಲು ಬರಬೇಕಿತ್ತು.

ಏನು ಅಳೆದರು

ವಾಪಸು ಬಂದ ಕಾರ್ಡುಗಳು ಶೆಡ್ಡಿನ ಮೇಜಿನ ಮೇಲೆ ಸರಿಯಾಗಿಯೇ ನಡೆದವು. ದೂರು ಮಧ್ಯಾಹ್ನದ್ದು ಎಂಬುದೇ ಸುಳಿವು. ತಗಡಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಚ್ಚಿ, ಒಳಗೆ 60 ವಾಟಿನ ಬಲ್ಬ್ ಉರಿಸಿ, ಒಳಗಿನ ಗಾಳಿಯನ್ನು 65 ಡಿಗ್ರಿಗೆ ತಂದರು. ಏಪ್ರಿಲ್ ಬಿಸಿಲಿನಲ್ಲಿ ಹೊಲದ ಪೆಟ್ಟಿಗೆ ಮುಟ್ಟುವ ಮಟ್ಟವೇ ಇದು. ದೊಡ್ಡ ಕರೆಂಟ್ ಬೇಕೆಂದು ಮೋಟಾರು ತರಬೇಕಿಲ್ಲ. ಸಿಟಿ ಕಾಯಿಲ್‌ನೊಳಗೆ ವೈರನ್ನು ಹತ್ತು ಸುತ್ತು ಹಾಯಿಸಿ 1.2 ಆಂಪಿಯರ್ ಹರಿಸಿದರೆ ಕಾಯಿಲ್‌ಗೆ ಅದು 12 ಆಂಪಿಯರ್.

ಹಳೆಯ ವಿನ್ಯಾಸದಲ್ಲಿ ಬರ್ಡನ್ 10 ಓಮ್. 12 ಆಂಪಿಯರಿಗೆ ಅದರ ಮೇಲೆ 120 ಮಿಲಿವೋಲ್ಟ್, ಎಸಿ ಅಲೆಯ ಶಿಖರದಲ್ಲಿ 170. ಡ್ರೈ ರನ್ ಮಟ್ಟ 10 ಆಂಪಿಯರಿಗೆ ಇಟ್ಟರೆ ಶಿಖರ 141. ನಡುವಿನ ಅಂತರ 29 ಮಿಲಿವೋಲ್ಟ್. ಬೋರಿನ ನೀರಿನ ಮಟ್ಟ, ವೋಲ್ಟೇಜ್ ಬದಲಾದಂತೆ ಮೋಟಾರು 11.3 ಆಂಪಿಯರಿಗೆ ಇಳಿದರೆ ಉಳಿಯುವ ಅಂತರ 19 ಅಷ್ಟೆ. ಎಲ್‌ಎಂ324ನ ಇನ್‌ಪುಟ್ ಆಫ್‌ಸೆಟ್, ಅಂದರೆ ಐಸಿಯೊಳಗೇ ಇರುವ ವೋಲ್ಟೇಜ್ ದೋಷ, ಸಾಮಾನ್ಯವಾಗಿ 2ರಿಂದ 3 ಮಿಲಿವೋಲ್ಟ್, ಗರಿಷ್ಠ 7 ಎಂದು ತಯಾರಕರ ಡೇಟಾಶೀಟ್ ಹೇಳುತ್ತದೆ. ಹಳೆಯ ರೀಲುಗಳು ಆ ಗೆರೆಯೊಳಗೇ ಇದ್ದುದರಿಂದ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹೊಸ ರೀಲಿನ ಐಸಿಗಳಲ್ಲಿ ತಣ್ಣಗಿದ್ದಾಗ 9ರಿಂದ 12, 65 ಡಿಗ್ರಿಯಲ್ಲಿ 20 ಮುಟ್ಟುತ್ತಿತ್ತು. 19 ಮಿಲಿವೋಲ್ಟಿನ ಅಂತರವನ್ನು 20 ಮಿಲಿವೋಲ್ಟಿನ ದೋಷ ನುಂಗಿದರೆ ಕಾರ್ಡು ನೀರಿಲ್ಲ ಎನ್ನದೆ ಇನ್ನೇನು ಹೇಳೀತು?

ಆಮೇಲೆ ಐಸಿಯನ್ನೇ ನೋಡಿದರು. ಅಸಿಟೋನ್ ಅದ್ದಿದ ಬಟ್ಟೆಯಿಂದ ತಿಕ್ಕಿದರೆ ಮೇಲಿನ ಕಪ್ಪು ಬಣ್ಣ ಬಟ್ಟೆಗೆ ಬಂತು. ಒಂದನೇ ಕಾಲಿನ ಪಕ್ಕದ ಗುಳಿಯಲ್ಲಿ ಬಣ್ಣ ತುಂಬಿಕೊಂಡಿತ್ತು. ತಿರುಗಿಸಿದರೆ ಒಂದೇ ರೀಲಿನಲ್ಲಿ, ಒಂದೇ ಡೇಟ್ ಕೋಡಿನ ಕೆಳಗೆ, ಅಚ್ಚಿನ ಗುರುತು ಮೂರು ಬಗೆ. ಹೊರೆ ಇಲ್ಲದೆ 5 ವೋಲ್ಟಿನಲ್ಲಿ ಎಲ್‌ಎಂ324 ಎಳೆಯಬೇಕಾದ್ದು ಸುಮಾರು 0.7 ಮಿಲಿ ಆಂಪಿಯರ್, ಹೆಚ್ಚೆಂದರೆ 1.2. ಇವುಗಳಲ್ಲಿ ಕೆಲವು 1.9 ಎಳೆದವು. ಯಾವುದೋ ಕಳಪೆ ಅಥವಾ ಬಳಸಿ ಕಿತ್ತ ಐಸಿಗಳ ಮೇಲೆ ಹೊಸ ಮುದ್ರೆ ಬಿದ್ದಿತ್ತು.

ಎರಡನೆಯ ತಿರುವು

ಇಲ್ಲಿಗೆ ನಿಲ್ಲಿಸಿ, ನಕಲಿ ಮಾಲು ಬಂತು, ಇನ್ನು ಮುಂದೆ ಅಸಲಿ ತರೋಣ ಎಂದು ಹೇಳಿಬಿಡುವುದು ಸುಲಭವಿತ್ತು. ಘಟಕದ ವಿನ್ಯಾಸ ನೋಡುವ ಎಂಜಿನಿಯರ್ ಇನ್ನೊಂದು ಪ್ರಶ್ನೆ ಕೇಳಿದರು. ಡೇಟಾಶೀಟ್ 7 ಮಿಲಿವೋಲ್ಟ್ ಎನ್ನುವಾಗ ನಮ್ಮ ಕಾರ್ಡು 3ಕ್ಕಷ್ಟೇ ಚೆನ್ನಾಗಿ ನಡೆಯುವ ಹಾಗೆ ಏಕಿದೆ? ಅಸಲಿಯಾದರೂ ಬೇರೆ ತಯಾರಕರ ಐಸಿ ಬಂದು 7 ತೋರಿಸಿದರೆ ಡಯಲ್ ಮೇಲಿನ ಗೆರೆ ಶೇಕಡಾ 5 ತಪ್ಪುತ್ತದೆ. ಎಂದರೆ ಎಲ್‌ಎಂ324ನ್ನು ಹತ್ತು ಜನ ಮಾಡಿದರೂ ಈ ಸರ್ಕ್ಯೂಟಿಗೆ ಹಿಡಿಸುವ ಎಲ್‌ಎಂ324 ಒಬ್ಬಿಬ್ಬರದ್ದೇ. ದೊಡ್ಡ ಮಾರುಕಟ್ಟೆಯ ಐಸಿಯನ್ನು ಬಿಗಿಯಾದ ವಿನ್ಯಾಸ ಸಣ್ಣ ಮಾರುಕಟ್ಟೆಯದಾಗಿ ಮಾಡಿತ್ತು.

ಬದಲಾವಣೆ ಎರಡು ರೆಸಿಸ್ಟರಿನದು. ಬರ್ಡನ್ 10 ಓಮ್ ತೆಗೆದು 47 ಓಮ್. ಆಪ್-ಆಂಪಿನ ಫೀಡ್‌ಬ್ಯಾಕ್ 91 ಕಿಲೋಓಮ್ ತೆಗೆದು 12 ಕಿಲೋಓಮ್, ಕೆಳಗಿನ 10 ಕಿಲೋಓಮ್ ಹಾಗೇ. ಗೇನ್, ಅಂದರೆ ಹಿಗ್ಗಿಸುವ ಪಟ್ಟು, 10.1ರಿಂದ 2.2ಕ್ಕೆ ಇಳಿಯಿತು, ಕೊನೆಯ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಶೇಕಡಾ ಎರಡು ಮೂರರ ವ್ಯತ್ಯಾಸವನ್ನು ಸ್ಕೇಲ್ ಪ್ರಿಸೆಟ್‌ನಲ್ಲಿ ತೆಗೆದರು. ಈಗ 10 ಆಂಪಿಯರಿಗೆ ಬರ್ಡನ್ ಮೇಲೆ ಶಿಖರ 665 ಮಿಲಿವೋಲ್ಟ್. ಅದೇ 20 ಮಿಲಿವೋಲ್ಟ್ ದೋಷ ಮೊದಲು ಶೇಕಡಾ 14, ಈಗ ಶೇಕಡಾ 3. ಡೇಟಾಶೀಟಿನ 7 ಮಿಲಿವೋಲ್ಟ್ ಈಗ ಶೇಕಡಾ 1.

ಬರ್ಡನ್ ಏರಿಸಿದರೆ ಸಿಟಿಯ ಕೋರ್ ಬೇಗ ಸ್ಯಾಚುರೇಟ್ ಆಗುತ್ತದೆ, ಅಂದರೆ ಕರೆಂಟ್ ಏರಿದಷ್ಟು ಅಳತೆ ಏರುವುದಿಲ್ಲ, ಅದನ್ನು ನೋಡದೆ ಮುಂದೆ ಹೋಗುವಂತಿಲ್ಲ. ಹತ್ತು ಸುತ್ತಿನ ವೈರಿನಲ್ಲಿ 2 ಆಂಪಿಯರ್ ಕೊಟ್ಟು, ಅಂದರೆ 20 ಆಂಪಿಯರ್ ತನಕ, ನೇರ ಗೆರೆಯಲ್ಲಿ ಏರುತ್ತದೆಯೇ ಎಂದು ಅಳೆದರು. ಏರಿತು. ಚಾಲೂ ಆಗುವಾಗಿನ 70 ಆಂಪಿಯರಿನಲ್ಲಿ ಕೋರ್ ಸ್ಯಾಚುರೇಟ್ ಆದರೂ ಆ ಕೆಲವು ಸೆಕೆಂಡು ಕಾರ್ಡು ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಕಣ್ಣು ಬಿಟ್ಟಾಗಲೂ ಮೋಟಾರು ಹಾಗೇ ಸಿಕ್ಕಿಕೊಂಡಿದ್ದರೆ ಸ್ಯಾಚುರೇಟ್ ಆದ ವೋಲ್ಟೇಜ್ ಓವರ್‌ಲೋಡ್ ಮಟ್ಟಕ್ಕಿಂತ ಬಹಳ ಮೇಲೆಯೇ ಇರುತ್ತದೆ.

ರೆಸಿಸ್ಟರ್ ಮಾತ್ರ ಬದಲಿಸಿ ನಕಲಿ ಐಸಿ ಉಳಿಸಿಕೊಳ್ಳುವ ಆಸೆ ಒಂದು ಹೊತ್ತು ಬಂತು. ಮೂವತ್ತು ಕಾರ್ಡನ್ನು ಹಾಗೆ ಮಾಡಿ ಬಿಸಿ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟರು. ಆಫ್‌ಸೆಟ್ ತೊಂದರೆ ಹೋಯಿತು, ಆದರೆ ಎರಡು ಕಾರ್ಡಿನ ಔಟ್‌ಪುಟ್ ಮೇಲಕ್ಕೆ ಅಂಟಿಕೊಂಡು ಇಳಿಯಲೇ ಇಲ್ಲ. ಉಳಿದ ಐಸಿಗಳನ್ನೆಲ್ಲ ಎಣಿಸಿ, ಮಾರುಕಟ್ಟೆಗೆ ವಾಪಸು ಹೋಗದ ಹಾಗೆ ಕಾಲು ಕತ್ತರಿಸಿ ಗುಜರಿಗೆ ಹಾಕಿದರು. ಹೊಸದಾಗಿ ಹಾಕಿದ್ದು ಎಲ್‌ಎಂ2902. ಕಾಲುಗಳು ಎಲ್‌ಎಂ324ನವೇ, ಆದರೆ ಎಲ್‌ಎಂ324ಗೆ ತಯಾರಕರು ಕೊಡುವ ಮಾತು 0ಯಿಂದ 70 ಡಿಗ್ರಿಗೆ ಮಾತ್ರ. ಎಲ್‌ಎಂ2902ಗೆ ಮೈನಸ್ 40ರಿಂದ ತಯಾರಕರ ಮೇಲೆ 105 ಅಥವಾ 125ರವರೆಗೆ. ಒಳಗೆ 65 ಮುಟ್ಟುವ ಪೆಟ್ಟಿಗೆಗೆ ಮೊದಲಿಂದಲೂ ಇದೇ ತಕ್ಕದ್ದಾಗಿತ್ತು, ಬೆಲೆಯ ವ್ಯತ್ಯಾಸವೂ ಪೈಸೆಗಳದ್ದು. ಕಾರು ಕಂಪನಿಗಳೂ ಕೊಳ್ಳುವ ದರ್ಜೆಯಾದ್ದರಿಂದ ಅಭಾವ ಕಾಲದಲ್ಲಿ ಇದು ಕಷ್ಟವಾಗಬಹುದು. ಆಗ ಎಲ್‌ಎಂ224 ಹಾಕಬಹುದು, ಅದು 85 ಡಿಗ್ರಿಯವರೆಗೆ.

ಸ್ವಿಚರಿಗೆ ಬದಲಿ ದಾರಿ

ಒಬ್ಬರೇ ಮಾಡುವ ಐಸಿಯ ಸಮಸ್ಯೆ ರೆಸಿಸ್ಟರಿನಿಂದ ಬಗೆಹರಿಯದು. 2,000 ಸ್ವಿಚರ್ ಎರಡೇ ತಿಂಗಳ ಸೀಸನ್ನಿಗೂ ಸಾಲುತ್ತಿರಲಿಲ್ಲ. ಹಳೆಯ ಕಾಲದ 440ರಿಂದ 12 ವೋಲ್ಟಿನ ಕಬ್ಬಿಣದ ಟ್ರಾನ್ಸ್‌ಫಾರ್ಮರಿಗೆ ವಾಪಸು ಹೋಗಿ ನೋಡಿದರು. 480ರಲ್ಲಿ ಬಿಸಿಯಾಯಿತು, 280ರಲ್ಲಿ ರಿಲೇ ಹಿಡಿಯಲಿಲ್ಲ. ಕೈಬಿಟ್ಟರು.

ಆರಿಸಿದ್ದು ಯುಸಿ3844 ಕಂಟ್ರೋಲರ್, ಹೊರಗೆ ಸ್ವಿಚ್ಚಿನ ಕೆಲಸಕ್ಕೆ 1,500 ವೋಲ್ಟಿನ ಮಾಸ್‌ಫೆಟ್ ಟ್ರಾನ್ಸಿಸ್ಟರ್. ಯುಸಿ3844 ಕೂಡ ಹಲವರು ಮಾಡುವ ಹಳೆಯ ಐಸಿ, ಟಿವಿ ರಿಪೇರಿಯವರಿಗೂ ಪರಿಚಯದ್ದು. ತೊಡಕು ಇರುವುದು ಚಾಲೂ ಆಗುವ ಕರೆಂಟಿನಲ್ಲಿ. 16 ವೋಲ್ಟ್ ತಲುಪುವವರೆಗೆ ಅದು ಎಳೆಯುವುದು ಕೆಲವು ತಯಾರಕರ ಐಸಿಯಲ್ಲಿ 0.3 ಮಿಲಿ ಆಂಪಿಯರ್, ಹಳೆಯ ಬಗೆಯಲ್ಲಿ ಗರಿಷ್ಠ 1. ಮೊದಲ ಮಾದರಿಯಲ್ಲಿ ದೊಡ್ಡ ರೆಸಿಸ್ಟರ್ ಹಾಕಿದ್ದರು. ಒಂದು ತಯಾರಕರ ಐಸಿ ಚಾಲೂ ಆಯಿತು, ಇನ್ನೊಬ್ಬರದು 280 ವೋಲ್ಟಿನಲ್ಲಿ ಮಿಸುಕಲಿಲ್ಲ. ಕೊನೆಗೆ ಕೆಟ್ಟ ಲೆಕ್ಕಕ್ಕೇ ಕಟ್ಟಿದರು. 280 ಎಸಿ ಎಂದರೆ 396 ಡಿಸಿ, ಅದರಿಂದ 1 ಮಿಲಿ ಆಂಪಿಯರ್ ಸಿಗಲು 120 ಕಿಲೋಓಮಿನ ಮೂರು ರೆಸಿಸ್ಟರ್ ಸಾಲಾಗಿ. ಇದಕ್ಕೆ ತೆರಬೇಕಾದ ಬೆಲೆ ಬಿಸಿ. 480 ವೋಲ್ಟಿನಲ್ಲಿ ಮೂರೂ ಸೇರಿ 1.2 ವಾಟ್ ಸುಡುತ್ತವೆ, ಆದ್ದರಿಂದ ಒಂದೊಂದೂ 1 ವಾಟಿನದು, ಬೋರ್ಡಿನಿಂದ 5 ಮಿಲಿಮೀಟರ್ ಎತ್ತಿ ಕೂರಿಸಬೇಕು. ಯಾವ ತಯಾರಕರ ಐಸಿ ಬಂದರೂ ಸರಿ ಎನ್ನುವ ಸ್ವಾತಂತ್ರ್ಯಕ್ಕೆ 1.2 ವಾಟ್ ಹೆಚ್ಚಲ್ಲ.

ಇಡೀ ಎಸ್‌ಎಂಪಿಎಸ್ಸನ್ನು ನಾಲ್ಕು ಪಿನ್ನಿನ ಸಣ್ಣ ಮರಿ ಬೋರ್ಡಿಗೆ ಎತ್ತಿದ್ದು ಈ ಹಂತದ ಒಳ್ಳೆಯ ನಿರ್ಧಾರ. ಸ್ವಿಚರ್ ಐಸಿಯ ಮರಿ ಬೋರ್ಡ್ ಅಗ್ಗ, ಯುಸಿ3844ರದ್ದು ಅದಕ್ಕಿಂತ ಮೂವತ್ತೈದು ರೂಪಾಯಿ ಹೆಚ್ಚು. ಯಾವುದು ಸಿಕ್ಕರೂ ತಾಯಿ ಕಾರ್ಡಿನಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ.

ಅಭಾವ ಮುಗಿದ ಮೇಲಿನ ಪೆಟ್ಟು

2022ರ ಜುಲೈನಲ್ಲಿ, ಹಿಂದಿನ ವರ್ಷದ ಭಯದಲ್ಲೇ, ಘಟಕ ಅಧಿಕೃತ ವಿತರಕರ ಬಳಿ ಒಂದು ವರ್ಷದ ಸ್ವಿಚರಿಗೆ ಆರ್ಡರ್ ಹಾಕಿತು. ರದ್ದು ಮಾಡುವಂತಿಲ್ಲ, ವಾಪಸು ಕೊಡುವಂತಿಲ್ಲ ಎಂಬ ಷರತ್ತು, ದರ 160 ರೂಪಾಯಿ. ಅಷ್ಟರಲ್ಲಿ ಜಗತ್ತಿನ ಎಲ್ಲ ಕಾರ್ಖಾನೆಗಳೂ ಅದನ್ನೇ ಮಾಡಿದ್ದವು. ಈರುಳ್ಳಿಗೆ ಬೆಲೆ ಬಂದ ಮರುವರ್ಷ ಚಳ್ಳಕೆರೆಯ ಎಲ್ಲರೂ ಈರುಳ್ಳಿ ಹಾಕಿದರೆ ಆಗುವುದೇ ಇಲ್ಲೂ ಆಯಿತು. ಗೋದಾಮುಗಳು ತುಂಬಿದವು. 2022ರಲ್ಲಿ ಸುಮಾರು 89 ಶತಕೋಟಿ ಡಾಲರ್ ಇದ್ದ ಜಾಗತಿಕ ಅನಲಾಗ್ ಚಿಪ್ ಮಾರಾಟ 2023ರಲ್ಲಿ 81ಕ್ಕೆ ಇಳಿಯಿತು. ಅನಲಾಗ್‌ನಲ್ಲಿ ಎಲ್ಲರಿಗಿಂತ ದೊಡ್ಡ ಕಂಪನಿಯಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆದಾಯ 2022ರ 20 ಶತಕೋಟಿಯಿಂದ 2024ಕ್ಕೆ 15.6 ಶತಕೋಟಿಗೆ ಬಂತು. 2023ರ ಮಾರ್ಚಿನಲ್ಲಿ ಅದೇ ಸ್ವಿಚರ್ ಎಸ್‌.ಪಿ. ರೋಡಿನಲ್ಲಿ 60 ರೂಪಾಯಿಗೆ ಸಿಗುತ್ತಿತ್ತು, ಘಟಕಕ್ಕೆ ತಿಂಗಳು ತಿಂಗಳು 160ರ ಮಾಲು ಬರುತ್ತಲೇ ಇತ್ತು. ಬ್ಯಾಂಕಿನ ಸಿಸಿ ಸಾಲದ ಲಿಮಿಟ್ ತುಂಬಿ ತಾಮ್ರದ ವೈರು ಕೊಳ್ಳಲು ಹಣವಿಲ್ಲದ ತಿಂಗಳೂ ಬಂತು. ನಕಲಿ ಐಸಿಯಿಂದಾದ ನಷ್ಟಕ್ಕಿಂತ ಈ ನಷ್ಟವೇ ದೊಡ್ಡದು. ಆದರೆ ಯಾವ ರೈತರೂ ಫೋನ್ ಮಾಡಿ ದೂರು ಹೇಳದ ಕಾರಣ ಇದು ಕಣ್ಣಿಗೆ ಬಿದ್ದದ್ದು ತಡವಾಗಿ.

ಆರ್ಡರ್ ಹಾಕುವಾಗ ಮರಿ ಬೋರ್ಡಿನ ಎರಡನೆಯ ದಾರಿ ತಯಾರಾಗಿತ್ತು. ಬದಲಿ ಕೈಯಲ್ಲಿದ್ದರೆ ಮೂರು ತಿಂಗಳ ಸ್ಟಾಕ್ ಸಾಕು, ಹನ್ನೆರಡು ತಿಂಗಳದ್ದು ಬೇಡ. ವಿನ್ಯಾಸದ ಕಡೆಯವರು ಗಳಿಸಿದ್ದನ್ನು ಖರೀದಿಯ ಕಡೆಯವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಬ್ಬರೂ ಒಂದೇ ಮೇಜಿಗೆ ಕೂತು ಮಾತಾಡಿದ್ದು ಆಮೇಲೆ.

ಈಗ ಕೊಳ್ಳುವ ಕ್ರಮ

ಈಗ ಪ್ರತಿ ಐಸಿಯ ಮುಂದೆ ಎಷ್ಟು ಜನ ಮಾಡುತ್ತಾರೆ, ನಮ್ಮ ಕಾರ್ಡಿನಲ್ಲಿ ಎಷ್ಟು ಜನರದ್ದು ಪರೀಕ್ಷೆಯಾಗಿ ಪಾಸಾಗಿದೆ ಎಂಬ ಎರಡು ಅಂಕಿ ಬರೆದಿರುತ್ತಾರೆ. ಎರಡನೆಯ ಅಂಕಿ ಮೂರು ಅಥವಾ ಮೇಲಿದ್ದರೆ ಆರು ವಾರದ ಸ್ಟಾಕ್. ಹಲವರು ಮಾಡುವ ಆಪ್-ಆಂಪ್, ರೆಗ್ಯುಲೇಟರುಗಳ ಬೆಲೆ ಮೇಲೆ ಅಭಾವ ಮುಗಿದ ನಂತರ ಇಳಿಮುಖ ಒತ್ತಡವಿತ್ತು. ಚೀನಾದ ತಯಾರಕರು ಈ ಸಾಮಾನ್ಯ ಐಸಿಗಳಿಗೆ ದೊಡ್ಡದಾಗಿ ಇಳಿದಿದ್ದಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 300 ಮಿಲಿಮೀಟರ್ ವೇಫರಿಗೆ ಸರಿಯುತ್ತಿದ್ದು, ಪ್ಯಾಕೇಜಿಂಗಿಗೆ ಮೊದಲಿನ ಚಿಪ್ಪಿನ ಖರ್ಚು ಅದರಿಂದ ಶೇಕಡಾ 40 ಇಳಿಯುತ್ತದೆ ಎನ್ನುತ್ತದೆ. ಇಂಥದ್ದನ್ನು ಗುಡ್ಡೆ ಹಾಕುವುದರಲ್ಲಿ ಅರ್ಥವಿಲ್ಲ. ಆದರೆ ನೆಮ್ಮದಿಯೂ ಸಲ್ಲ. 2025ರ ಸೆಪ್ಟೆಂಬರಿನಲ್ಲಿ ಚೀನಾ ಅಮೆರಿಕದ ಕೆಲವು ಅನಲಾಗ್ ಚಿಪ್‌ಗಳ ಮೇಲೆ ಡಂಪಿಂಗ್ (ತೀರಾ ಅಗ್ಗಕ್ಕೆ ತಂದು ಸುರಿಯುವುದು) ತನಿಖೆ ಶುರು ಮಾಡಿತು. ಇಂಟರ್‌ಫೇಸ್ ಐಸಿ, ಗೇಟ್ ಡ್ರೈವರುಗಳು ಅದರಲ್ಲಿವೆ. ಎರಡು ದೇಶದ ಜಗಳದಲ್ಲಿ ಒಂದು ಕಡೆಯ ಮಾಲು ನಿಂತರೆ ಇನ್ನೊಂದು ಕಡೆಯದಕ್ಕೆ ನೂಕುನುಗ್ಗಲು. ಎರಡೂ ಕಡೆಯ ತಯಾರಕರದ್ದನ್ನು ಪಾಸು ಮಾಡಿ ಇಟ್ಟುಕೊಂಡವರಿಗೆ ಅಷ್ಟು ತೊಂದರೆಯಿಲ್ಲ.

ಒಬ್ಬರೇ ಮಾಡುವ ಐಸಿಗೆ ಮೂರು ತಿಂಗಳ ಸ್ಟಾಕ್, ಅದೂ ಅಧಿಕೃತ ವಿತರಕರಿಂದಲೇ. ಅಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಐಸಿ ನಿಲ್ಲಿಸುವ ನೋಟಿಸು ಬರುತ್ತದೆ. ಸಾಮಾನ್ಯವಾಗಿ ಕೊನೆಯ ಆರ್ಡರಿಗೆ ಆರು ತಿಂಗಳು, ಕೊನೆಯ ಮಾಲಿಗೆ ಒಂದು ವರ್ಷ ಸಮಯ ಇರುತ್ತದೆ. ಅಂಗಡಿಯಿಂದ ಕೊಳ್ಳುವವರಿಗೆ ಗೊತ್ತಾಗುವುದು ಮಾಲು ಖಾಲಿಯಾದ ದಿನ. ಸೀಸನ್ನಿನ ಆರ್ಡರ್ ಅಕ್ಟೋಬರಿನಲ್ಲಿ ಹೋಗುತ್ತದೆ. ಚೀನಾದ ಹೊಸವರ್ಷದ ರಜೆ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ, ಇಲ್ಲಿ ಪಂಪಿನ ಸೀಸನ್ ಏರುವುದೂ ಆಗಲೇ.

ಬಂದ ಪ್ರತಿ ರೀಲಿನ ತಲೆ, ನಡು, ಬಾಲದಿಂದ ಒಟ್ಟು ಹತ್ತು ಐಸಿ ತೆಗೆಯುತ್ತಾರೆ. ಅಸಿಟೋನ್, ಅಡಿಯ ಅಚ್ಚು, 5 ವೋಲ್ಟಿನ ಕರೆಂಟ್ ನೋಡುತ್ತಾರೆ. ಆಫ್‌ಸೆಟ್ ಅಳೆಯಲು 100 ಕಿಲೋಓಮ್, 1 ಕಿಲೋಓಮಿನ ಒಂದು ಜಿಗ್ ಇದೆ. ಗೇನ್ 101 ಆದ್ದರಿಂದ 7 ಮಿಲಿವೋಲ್ಟ್ 0.7 ವೋಲ್ಟಾಗಿ ಸಾಧಾರಣ ಮೀಟರಿಗೇ ಕಾಣುತ್ತದೆ. ಜಿಗ್ಗಿಗೆ ಪ್ಲಸ್ 5, ಮೈನಸ್ 5 ಎರಡೂ ಕೊಡಬೇಕು. ಒಂದೇ ಸಪ್ಲೈ ಕೊಟ್ಟರೆ ಋಣ ಆಫ್‌ಸೆಟ್ ಇರುವ ಐಸಿ ಸೊನ್ನೆ ತೋರಿಸಿ ಪಾಸಾಗಿಬಿಡುತ್ತದೆ. ಒಂದು ಸಲ ತಣ್ಣಗೆ, ಒಂದು ಸಲ ಬಲ್ಬಿನ ಪೆಟ್ಟಿಗೆಯಲ್ಲಿ ಅಳೆಯುತ್ತಾರೆ. ಹತ್ತರಲ್ಲಿ ಒಂದು ಕೆಟ್ಟರೂ ಇಡೀ ರೀಲು ವಾಪಸು. ವಾಪಸು ಕೊಡಲು ಆಗಬೇಕೆಂದೇ ತಯಾರಕರ ಹೆಸರು, ಲಾಟ್ ನಂಬರ್ ಇಲ್ಲದ ಬಿಲ್ಲಿಗೆ ಹಣ ಬಿಡುವುದಿಲ್ಲ.

2024ರಲ್ಲಿ ಇಡೀ ಅನಲಾಗ್ ಭಾಗವನ್ನು ತೆಗೆದು ಒಂದು ಮೈಕ್ರೊಕಂಟ್ರೋಲರಿನಲ್ಲಿ ಮುಗಿಸುವ ಪ್ರಸ್ತಾಪ ಬಂತು. ಬಿಡಿಭಾಗ ಕಡಿಮೆ, ಡಯಲಿನ ಬದಲು ಡಿಜಿಟಲ್ ಅಂಕಿ, ಖರ್ಚೂ ತುಸು ಕಡಿಮೆ. ಘಟಕ ಅದನ್ನು ಮೊಬೈಲಿನಿಂದ ಚಾಲೂ ಮಾಡುವ ದುಬಾರಿ ಮಾದರಿಗೆ ಒಪ್ಪಿತು, ಸಾದಾ ಮಾದರಿಗೆ ಒಪ್ಪಲಿಲ್ಲ. ಮೈಕ್ರೊಕಂಟ್ರೋಲರ್ ಒಬ್ಬರೇ ಮಾಡುವ ಐಸಿ. ಬೇರೆಯವರದಕ್ಕೆ ಹೋಗಬೇಕೆಂದರೆ ಪ್ರೋಗ್ರಾಮನ್ನೂ ಮತ್ತೆ ಬರೆದು, ಬಿಸಿ ಪೆಟ್ಟಿಗೆಯಲ್ಲಿ ಮತ್ತೆ ಪರೀಕ್ಷೆ ಮಾಡಬೇಕು. ಇನ್ನೊಂದು ಕಾರಣ ವೈಂಡಿಂಗ್ ಅಂಗಡಿಗಳಿಂದ ಬಂತು. ಸಾದಾ ಕಾರ್ಡಿನ ಕಾಲುದ್ದದ ಐಸಿ (ಕಾಲುಗಳು ರಂಧ್ರದೊಳಗೆ ಇಳಿಯುವ ಬಗೆ) ಸಾಕೆಟ್ಟಿನಲ್ಲಿ ಕೂರುತ್ತದೆ, ಸಿಡಿಲಿಗೆ ಹೋದರೆ ಹೊಸದುರ್ಗದಲ್ಲೇ ಹತ್ತು ನಿಮಿಷದಲ್ಲಿ ಬದಲಾಗುತ್ತದೆ. ಕಾಲುದ್ದದ ಐಸಿಗಳನ್ನು ತಯಾರಕರು ಒಂದೊಂದಾಗಿ ಕಡಿಮೆ ಮಾಡುತ್ತಿದ್ದಾರೆ. ಅದಕ್ಕೆಂದು ಹೊಸ ಬೋರ್ಡಿನಲ್ಲಿ ಸಾಕೆಟ್ಟಿನ ರಂಧ್ರಗಳ ನಡುವೆಯೇ, ರಂಧ್ರ ಬೇಡದೆ ಬೋರ್ಡಿನ ಮೇಲೆಯೇ ಬೆಸೆಯುವ ಮೇಲ್ಮೈ ಐಸಿಯ ಪ್ಯಾಡುಗಳನ್ನೂ ಹಾಕಿದ್ದಾರೆ. ಕಾಲುದ್ದದ್ದು ಸಿಗುವ ತನಕ ಸಾಕೆಟ್, ಸಿಗದ ದಿನ ಅದೇ ಬೋರ್ಡಿಗೆ ಮೇಲ್ಮೈ ಐಸಿ.